ಹೂಂಗುಟ್ಟುವ ಅಭ್ಯಾಸ ಬಿಡಿಸಿದವರಿಗೆ

ಕಳೆದ ತಿಂಗಳು ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಹಳೆ ಮೈಸೂರು ಸೀಮೆಯನ್ನು 1876ರಿಂದ 1878ರವರೆಗೆ ಕಾಡಿದ, ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರದ ಬರವೆಂದು ನೆನೆಯುತ್ತಿದ್ದ ಕ್ಷಾಮದ ಕುರಿತ ನನ್ನ ಪ್ರಬಂಧ ಅಂಗೀಕಾರವಾಗಿದೆ. ಹಾರೈಸಿದ ಎಲ್ಲರಿಗೂ ವಂದನೆಗಳು. ಆ ದಿನ ಕೇಳಿದ ಪ್ರತಿಯೊಂದು ಪ್ರಶ್ನೆಯೂ ನನಗೆ ಪೂರ್ತಿಯಾಗಿ ತಿಳಿಯಿತು. ಈ ಬರಹ ಮುಖ್ಯವಾಗಿ ಅದಕ್ಕೆ ಕಾರಣರಾದವರಿಗೆ.

ನನ್ನ ಎರಡೂ ಕಿವಿಗಳಲ್ಲಿ 65 ಡೆಸಿಬಲ್‌ನಷ್ಟು ಶ್ರವಣದೋಷವಿದೆ. ನನಗೆ ಮೂರು ವರ್ಷವಾಗಿದ್ದಾಗ ಅಮ್ಮ ಊರು ಬಿಟ್ಟು ಬಂದು, ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನನ್ನ ಜೊತೆ ತಾನೂ ಕುಳಿತು ತರಬೇತಿ ಪಡೆದು ನನಗೆ ಮಾತು ಕಲಿಸಿದಳು. ಮಾತು ಚೆನ್ನಾಗಿ ಬಂದದ್ದೇ ಒಂದು ತೊಡಕೂ ಆಯಿತು. ಇಷ್ಟು ಸ್ಪಷ್ಟವಾಗಿ ಮಾತನಾಡುವವಳಿಗೆ ಕಿವಿ ಕೇಳಿಸದೆಂದರೆ ಯಾರೂ ನಂಬುತ್ತಿರಲಿಲ್ಲ. ಶ್ರವಣಸಾಧನವು ಮಾತಿನ ಜೊತೆಗೆ ಫ್ಯಾನಿನ ಸದ್ದನ್ನೂ ಕುರ್ಚಿ ಎಳೆಯುವ ಸದ್ದನ್ನೂ ಏರಿಸುತ್ತದೆ. ತಪ್ಪಿಹೋದದ್ದನ್ನು ತುಟಿ ನೋಡಿ ತುಂಬಿಕೊಳ್ಳಬೇಕು. ತುಟಿಯ ಮೇಲೆ ಮರ, ಬರ, ಪರ ಮೂರೂ ಒಂದೇ. ಎರಡನೆಯ ಸಲ ಕೇಳಿದರೆ ಎದುರಿಗಿದ್ದವರ ಹುಬ್ಬು ಗಂಟಿಕ್ಕುತ್ತದೆ, ಮೂರನೆಯ ಸಲಕ್ಕೆ "ಹೋಗಲಿ ಬಿಡು" ಎನ್ನುತ್ತಾರೆ. ಆ ಮಾತಿಗೆ ಹೆದರಿ ನಾನು ಕೇಳಿಸದಿದ್ದರೂ ಹೂಂಗುಟ್ಟುತ್ತಿದ್ದೆ.

ಔಷಧಿ ಅಂಗಡಿಯವರು "ಊಟಕ್ಕೆ ಮುಂಚೆ" ಎಂದದ್ದಕ್ಕೆ ಹೀಗೆಯೇ ಹೂಂಗುಟ್ಟಿ ಬಂದ ಕಾರಣ ಅಮ್ಮ ಹತ್ತು ದಿನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟವಾದ ಮೇಲೆ ನುಂಗಿದಳು. ಒಂದು ವಿಚಾರಸಂಕಿರಣದಲ್ಲಿ, ಕ್ಷಾಮಕಾಲದಲ್ಲಿ ಮರ ಕಡಿದು ಮಾರಿದವರ ಬಗ್ಗೆ ಬಂದ ಪ್ರಶ್ನೆಗೆ ನಾನು ಬರದ ವ್ಯಾಪ್ತಿಯ ಬಗ್ಗೆ ಐದು ನಿಮಿಷ ಉತ್ತರಿಸಿದೆ. ಸಭೆಯಲ್ಲಿ ಯಾರೂ ನಗಲಿಲ್ಲ, ತಿದ್ದಲೂ ಇಲ್ಲ. ಅದು ನನ್ನನ್ನು ಬಹಳ ದಿನ ಸುಟ್ಟಿತು.

ಅಂದು ಸಂಜೆ ನನ್ನ ಪಕ್ಕ ಬಂದು ನಿಂತವರು ಗಾಲಿಕುರ್ಚಿ ಬಳಸುವ ಹಿರಿಯ ಸಂಶೋಧಕಿಯೊಬ್ಬರು. "ಕೇಳಿಸುವುದಿಲ್ಲ ಎಂದಷ್ಟೇ ಹೇಳಿದರೆ ಜನ ಕನಿಕರಪಟ್ಟು ಸುಮ್ಮನಾಗುತ್ತಾರೆ, ಅವರು ಏನು ಮಾಡಬೇಕೆಂದು ಹೇಳು" ಎಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ನನ್ನೊಡನೆ ಕುಳಿತು ಓದಿದರು. ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ದೋಷವಿರುವವರನ್ನು ಅದು ಹೆಸರಿಸುತ್ತದೆ, ಅವರಿಗೆ ಸಮಂಜಸವಾದ ಅನುಕೂಲಗಳನ್ನು ಒದಗಿಸಬೇಕೆನ್ನುತ್ತದೆ. ನಾನು ಅಷ್ಟು ದಿನ ಉಪಕಾರವೆಂದುಕೊಂಡು ಕೇಳಲು ನಾಚುತ್ತಿದ್ದದ್ದು ಅಲ್ಲಿ ಹಕ್ಕಾಗಿ ಅಚ್ಚಾಗಿತ್ತು. ಅಕ್ಕಾ, ಆ ಸಂಜೆಗೆ ನಾನು ಎಂದೆಂದಿಗೂ ಋಣಿ.

ಮೌಖಿಕ ಪರೀಕ್ಷೆಗೆ ಹದಿನೈದು ದಿನ ಮೊದಲು ವಿಭಾಗಕ್ಕೆ ಒಂದು ಪತ್ರ ಬರೆದೆ: ಪ್ರಶ್ನೆ ಕೇಳುವವರು ನನಗೆ ಮುಖ ಮಾಡಿ ಕೂರಬೇಕು, ಒಮ್ಮೆಗೆ ಒಬ್ಬರೇ ಮಾತನಾಡಬೇಕು, ಫ್ಯಾನು ನಿಲ್ಲಿಸಬೇಕು, ಪ್ರಶ್ನೆಗಳನ್ನು ಪರದೆಯ ಮೇಲೆ ಬೆರಳಚ್ಚು ಮಾಡಿ ತೋರಿಸಬೇಕು. ಕೊನೆಯಲ್ಲಿ ಅಭ್ಯಾಸಬಲದಿಂದ "ತೊಂದರೆಗೆ ಕ್ಷಮೆಯಿರಲಿ" ಎಂದು ಬರೆದಿದ್ದೆ. ನನ್ನ ಮಾರ್ಗದರ್ಶಕರು ಆ ಸಾಲನ್ನು ಹೊಡೆದುಹಾಕಿ, ಉಳಿದದ್ದಕ್ಕೆ ಸಹಿ ಮಾಡಿ ಕಳುಹಿಸಿದರು. ಮಾಸ್ತರೇ, ಆ ಕೆಂಪು ಗೆರೆಯಿರುವ ಪ್ರತಿಯನ್ನು ಪ್ರಬಂಧದ ಜೊತೆಯಲ್ಲೇ ಇಟ್ಟುಕೊಂಡಿದ್ದೇನೆ.

ಏಪ್ರಿಲ್ ಬಿಸಿಲಿನಲ್ಲಿ ಫ್ಯಾನಿಲ್ಲದೆ ಎರಡು ಗಂಟೆ ಬೆವರು ಒರೆಸಿಕೊಳ್ಳುತ್ತ ಕುಳಿತ ಪರೀಕ್ಷಕರಿಗೂ ಸಭಿಕರಿಗೂ ನಮಸ್ಕಾರ. ಬೆರಳು ನೋಯುವವರೆಗೂ ಕನ್ನಡದಲ್ಲಿ ಬೆರಳಚ್ಚು ಮಾಡಿದ ಗೆಳತಿಗೆ ವಿಶೇಷ ನಮಸ್ಕಾರ. ಪರದೆಯ ಮೇಲೆ ಒಮ್ಮೆ "ಮರ" ಎಂಬ ಪದ ಮೂಡಿದಾಗ, ಅದು ಮರವೇ ಎಂದು ಖಚಿತವಾಗಿ ಓದಿ, ಹಿಂದೊಮ್ಮೆ ಕೊಡಲಾಗದ ಉತ್ತರವನ್ನು ನಿಧಾನವಾಗಿ ಕೊಟ್ಟೆ.

ನಮ್ಮ ಬೀದಿಯ ಔಷಧಿ ಅಂಗಡಿಯ ಹುಡುಗನಿಗೂ ಕೃತಜ್ಞತೆಗಳು. ಮಾತ್ರೆಯ ಪಟ್ಟಿಯ ಮೇಲೆ ಬರೆದುಕೊಡಿ ಎಂದು ಮೊದಲ ಸಲ ಕೇಳಿದಾಗ ನನ್ನ ದನಿ ನಡುಗಿತ್ತು. ಈಗ ನನ್ನನ್ನು ಕಂಡ ಕೂಡಲೇ ಅವನು ಕಿವಿಯ ಮೇಲಿನ ಪೆನ್ನನ್ನು ಕೈಗೆ ತೆಗೆದುಕೊಳ್ಳುತ್ತಾನೆ.