ಕರುಸೊ ದನಿ ತೆಳುವಲ್ಲ, ಪ್ಲೇಟಿನ ವೇಗ ತಪ್ಪು

ಮಾನ್ಯರೇ,

ಇಟಲಿಯ ಒಪೆರಾ ಗಾಯಕ ಎನ್ರಿಕೊ ಕರುಸೊ (1873–1921) ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಬರಹ ಸಂತೋಷ ತಂದಿತು. ಆದರೆ ಹಳೆಯ ಮುದ್ರಿಕೆಗಳಲ್ಲಿ ಅವರ ದನಿ ತೆಳುವೆನಿಸುತ್ತದೆ ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕು. 1903ರ ನವೆಂಬರ್ 23ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ‘ರಿಗೊಲೆಟೊ’ ಒಪೆರಾ ಹಾಡಿದಾಗಿನಿಂದ 1920ರ ಡಿಸೆಂಬರ್ 24ರ ಕೊನೆಯ ಪ್ರದರ್ಶನದವರೆಗೂ ಈ ಟೆನರ್ (ಗಂಡಸರ ಏರುದನಿಯ ಗಾಯಕ) ಹೆಸರಾಗಿದ್ದೇ ಬ್ಯಾರಿಟೋನ್ (ಅದಕ್ಕಿಂತ ತಗ್ಗಿನ ಗಂಡುದನಿ) ಛಾಯೆಯ ತುಂಬು ಕಂಠಕ್ಕೆ. ದನಿ ತೆಳುವೆನಿಸುವುದು ಪ್ಲೇಟನ್ನು ತಪ್ಪು ವೇಗದಲ್ಲಿ ಓಡಿಸುವುದರಿಂದ.

ಆ ಕಾಲದಲ್ಲಿ ಗ್ರಾಮಫೋನ್ ಪ್ಲೇಟಿಗೆ ನಿಮಿಷಕ್ಕೆ 78 ಸುತ್ತು ಎಂಬ ಲೆಕ್ಕ ಇನ್ನೂ ಸ್ಥಿರವಾಗಿರಲಿಲ್ಲ. 74ರಲ್ಲಿ ಮುದ್ರಿಸಿದ ಪ್ಲೇಟನ್ನು 78ರಲ್ಲಿ ಓಡಿಸಿದರೆ ಶ್ರುತಿ ಹತ್ತಿರಹತ್ತಿರ ಅರ್ಧ ಮನೆ (ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಕೀಲಿಯಷ್ಟು) ಏರುತ್ತದೆ. ಜೊತೆಗೆ ‘ಆ’ ಮುಂತಾದ ಸ್ವರಗಳ ಉಚ್ಚಾರ ಕಿರಿದಾಗುತ್ತದೆ, ದನಿಯ ಸಹಜ ಕಂಪನ ನಡುಕದಂತೆ ಕೇಳುತ್ತದೆ. ಅಂತರ್ಜಾಲದಲ್ಲಿರುವ ಎಷ್ಟೋ ಪ್ರತಿಗಳ ಗತಿ ಇದೇ. ಕಂಪ್ಯೂಟರಿನಲ್ಲಿ ಸರಿಪಡಿಸುವವರು ‘ಸ್ಪೀಡ್’ ಅನ್ನೇ ಶೇ 5.1ರಷ್ಟು ತಗ್ಗಿಸಬೇಕು, ‘ಟೆಂಪೊ’ (ಹಾಡಿನ ಗತಿ) ಮಾತ್ರ ಇಳಿಸಿದರೆ ಶ್ರುತಿ ಇದ್ದಲ್ಲೇ ಇರುತ್ತದೆ. ಸ್ವರಲಿಪಿಯ ಶ್ರುತಿಗೆ ಕೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು, ಕೆಲವು ಆರಿಯಾಗಳನ್ನು (ಒಪೆರಾದ ಒಂಟಿ ಹಾಡುಗಳನ್ನು) ಟೆನರ್‌ಗಳು ಅರ್ಧ ಮನೆ ಇಳಿಸಿ ಹಾಡುವ ರೂಢಿಯಿತ್ತು. ಕೊನೆಯ ತೀರ್ಪು ಕಿವಿಯದೇ. ಪ್ಲೇಟನ್ನೇ ನುಡಿಸುವವರಿಗೆ ಇನ್ನೊಂದು ಎಚ್ಚರಿಕೆ: ನಂತರದ ಕಾಲದ ಎಲ್‌ಪಿ ಪ್ಲೇಟಿನ ಸೂಜಿ ಅಗಲವಾದ ಹಳೆಯ ಗೀರಿನ ತಳಕ್ಕೆ ಇಳಿದು ಬರೀ ಗರಗರ ಎತ್ತುತ್ತದೆ, ಸುಮಾರು ಮೂರು ಪಟ್ಟು ದಪ್ಪದ ಸೂಜಿ ಹಾಕಬೇಕು.

ವಾದ್ಯಗಳು ಸೊರಗಿ ಕೇಳುವುದಕ್ಕೆ ಕಾರಣವೇ ಬೇರೆ. ಮೈಕ್ ಬಳಸಿ ಮುದ್ರಿಸುವ ಪದ್ಧತಿ ಬಂದದ್ದು 1925ರಲ್ಲಿ. ಕರುಸೊ ಹಾಡಿದ್ದು ತಗಡಿನ ಕಹಳೆಯೊಳಕ್ಕೆ, ಅದಕ್ಕೆ ಮಂದ್ರದ ನಾದ ಹಿಡಿಯುತ್ತಿರಲಿಲ್ಲ. ಈ ಕೊರತೆ ತುಂಬಲು 1932ರಿಂದ ಅದೇ ದನಿಗೆ ಹೊಸ ಆರ್ಕೆಸ್ಟ್ರಾ ಬೆಸೆದ ಪ್ಲೇಟುಗಳೂ ಬಂದವು. ಅವನ್ನು ಅಸಲಿ ಎಂದು ಎಣಿಸಬಾರದು.

1902ರ ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲ್ ಕೋಣೆಯಲ್ಲಿ ಕರುಸೊ ಅವರ ಹತ್ತು ಹಾಡು ಮುದ್ರಿಸಿದ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್, ಅದೇ ವರ್ಷ ಕಲ್ಕತ್ತೆಯಲ್ಲಿ ಹಿಂದುಸ್ತಾನಿ ಗಾಯಕಿ ಗೌಹರ್ ಜಾನ್ ಅವರನ್ನೂ ಮುದ್ರಿಸಿದರು. ಮೈಸೂರಿನ ಆಸ್ಥಾನ ಗಾಯಕಿಯಾಗಿ 1930ರಲ್ಲಿ ಇಲ್ಲೇ ತೀರಿಕೊಂಡ ಆಕೆಯ ಪ್ಲೇಟುಗಳಿಗೂ ಇದೇ ತೊಡಕು. ಅಲ್ಲಿ ತಾಳೆ ನೋಡಲು ಸ್ವರಲಿಪಿಯೂ ಇಲ್ಲ, ಹಾಗಾಗಿ ಕೆಲಸ ಇನ್ನೂ ಕಷ್ಟದ್ದು.

ಕರುಸೊ ಅವರನ್ನು ಮೊದಲ ಬಾರಿ ಕೇಳುವವರಿಗೆ ಹಳೆಯ ಮುದ್ರಿಕೆಗಳ ತಜ್ಞ ವಾರ್ಡ್ ಮಾರ್ಸ್ಟನ್ ಸಂಸ್ಕರಿಸಿದ, ನ್ಯಾಕ್ಸೋಸ್ ಕಂಪನಿ ಹೊರತಂದ ಸಂಪುಟಗಳು ಒಳ್ಳೆಯವು. ಪುರವಣಿಯಲ್ಲಿ ಹಳೆಯ ಹಾಡುಗಳಿಗೆ ಕ್ಯೂಆರ್ ಕೋಡ್ ಕೊಡುವಾಗ ದಯವಿಟ್ಟು ವೇಗ ಸರಿಪಡಿಸಿದ ಇಂಥ ಪ್ರತಿಗಳನ್ನೇ ಆರಿಸಿ.

– ಗ್ರಾಮಫೋನ್ ಪ್ಲೇಟುಗಳ ಸಂಗ್ರಾಹಕ, ಮೈಸೂರು