ಮನೆಯ ಕಂಪ್ಯೂಟರಿನ ಖಾತೆಗಳ ವಿಷಯವಾಗಿ ಅಪ್ಪನಿಗೆ ಪತ್ರ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮವಾಗಿದ್ದೇನೆ, ನೀವು, ಅಮ್ಮ ಮತ್ತು ತಮ್ಮ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಮನೆಯ ಕಂಪ್ಯೂಟರಿನಲ್ಲಿ ಮೂವರೂ ಒಂದೇ ಖಾತೆಯನ್ನು ಬಳಸುತ್ತಿದ್ದೀರೆಂದೂ ಅದು ಅಡ್ಮಿನಿಸ್ಟ್ರೇಟರ್ ಖಾತೆಯೆಂದೂ ತಮ್ಮ ತಿಳಿಸಿದ. ಇದನ್ನು ಬದಲಿಸಲೇಬೇಕೆಂಬುದು ನನ್ನ ಕಳಕಳಿಯ ವಿನಂತಿ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುವ ವಿಷಯವಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ವಿಂಡೋಸನ್ನು ಮೊದಲ ಬಾರಿಗೆ ಸಿದ್ಧಪಡಿಸುವಾಗ ಯಾರ ಹೆಸರನ್ನು ಕೊಡುತ್ತೇವೆಯೋ ಅವರ ಖಾತೆ ತಾನಾಗಿಯೇ ಅಡ್ಮಿನಿಸ್ಟ್ರೇಟರ್ ಆಗಿಬಿಡುತ್ತದೆ. ಆ ಖಾತೆಯಿಂದ ಯಾವ ಪ್ರೋಗ್ರಾಮನ್ನಾದರೂ ಇನ್‌ಸ್ಟಾಲ್ ಮಾಡಬಹುದು, ಆಂಟಿವೈರಸ್ಸನ್ನು ನಿಲ್ಲಿಸಬಹುದು, ಬೇರೆಯವರ ಫೋಲ್ಡರುಗಳನ್ನು ತೆರೆಯಬಹುದು, ಅವರ ಖಾತೆಯನ್ನೇ ಅಳಿಸಿಹಾಕಬಹುದು. ಸ್ಟ್ಯಾಂಡರ್ಡ್ ಎಂಬ ಇನ್ನೊಂದು ಬಗೆಯ ಖಾತೆಗೆ ಈ ಅಧಿಕಾರಗಳಿಲ್ಲ. ವಿಂಡೋಸ್ ಎಕ್ಸ್‌ಪಿ ಇದ್ದ ಕಾಲದಲ್ಲಿ ಇದನ್ನೇ ಲಿಮಿಟೆಡ್ ಖಾತೆ ಎನ್ನುತ್ತಿದ್ದರು. ಹಾಗೆಂದು ದಿನನಿತ್ಯದ ಕೆಲಸಕ್ಕೆ ಯಾವ ಅಡ್ಡಿಯೂ ಆಗದು. ಮೇಲ್ ಓದುವುದು, ಪತ್ರ ಟೈಪ್ ಮಾಡುವುದು, ನನ್ನೊಡನೆ ವಿಡಿಯೊ ಕರೆಯಲ್ಲಿ ಮಾತನಾಡುವುದು ಎಲ್ಲವೂ ಈಗಿನಂತೆಯೇ ನಡೆಯುತ್ತವೆ, ವಿಂಡೋಸಿನ ಅಪ್‌ಡೇಟುಗಳೂ ಎಂದಿನಂತೆ ಬರುತ್ತಿರುತ್ತವೆ.

ಮನೆಯವರಲ್ಲಿ ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂಬ ಪ್ರಶ್ನೆ ಇದಲ್ಲವೆಂದು ದಯವಿಟ್ಟು ತಿಳಿಯಿರಿ. ನಾವು ತೆರೆದ ಪ್ರತಿಯೊಂದು ಪ್ರೋಗ್ರಾಮೂ ನಮ್ಮ ಖಾತೆಯ ಅಧಿಕಾರವನ್ನು ಹೊತ್ತುಕೊಂಡೇ ಓಡುತ್ತದೆ. ಮೇಲ್‌ನಲ್ಲಿ ಬಂದ ಕಡತವೊಂದನ್ನು ಬಿಲ್ ಎಂದುಕೊಂಡು ಅಮ್ಮ ತೆರೆದರೆ, ಅದರೊಳಗೆ ಅಡಗಿರುವ ದುಷ್ಟ ಪ್ರೋಗ್ರಾಮಿಗೂ ಅಮ್ಮನಿಗಿರುವಷ್ಟೇ ಅಧಿಕಾರ ದೊರೆಯುತ್ತದೆ. ಅಮ್ಮನ ಖಾತೆಗೆ ಇಡೀ ಯಂತ್ರದ ಮೇಲೆ ಹಿಡಿತವಿಲ್ಲದಿದ್ದರೆ ಆ ಪ್ರೋಗ್ರಾಮಿಗೂ ಅದು ಸುಲಭವಾಗಿ ಸಿಗದು. ಪ್ರತಿಯೊಂದು ಪ್ರೋಗ್ರಾಮೂ ಪ್ರತಿಯೊಬ್ಬ ಬಳಕೆದಾರನೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದಿಂದ ನಡೆಯಬೇಕೆಂಬ ತತ್ವವನ್ನು ಜೆರೋಮ್ ಸಾಲ್ಟ್ಸರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿಜ್ಞಾನಿಗಳು 1975ರಲ್ಲಿಯೇ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ಮನೆಯ ಕಂಪ್ಯೂಟರುಗಳಿಗೆ ಅದು ತಲುಪಲು ಬಹಳ ಕಾಲ ಹಿಡಿಯಿತೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.

2007ರಲ್ಲಿ ಮನೆಬಳಕೆಗೆ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಪರಿಸ್ಥಿತಿ ಒಂದಿಷ್ಟು ಸುಧಾರಿಸಿದೆ. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿದ್ದರೂ ಪ್ರೋಗ್ರಾಮುಗಳು ಸಾಮಾನ್ಯವಾಗಿ ಕಡಿಮೆ ಅಧಿಕಾರದಿಂದಲೇ ಓಡುತ್ತವೆ. ಹೆಚ್ಚಿನದು ಬೇಕಾದಾಗ ಪರದೆ ಮಬ್ಬಾಗಿ, ಬದಲಾವಣೆಗೆ ಅನುಮತಿ ಕೊಡುತ್ತೀರಾ ಎಂಬ ಪ್ರಶ್ನೆ ಮೂಡುತ್ತದೆ. ಆದರೆ ನಿಮ್ಮ ಈಗಿನ ಖಾತೆಯಲ್ಲಿ ಅದಕ್ಕೆ ‘ಯೆಸ್’ ಒತ್ತಿದರೆ ಸಾಕು, ಮತ್ತು ಅವಸರದಲ್ಲಿ ಯಾರೇ ಆದರೂ ಓದದೆ ಒತ್ತಿಬಿಡುತ್ತಾರೆ. ಸ್ಟ್ಯಾಂಡರ್ಡ್ ಖಾತೆಯಲ್ಲಿ ಅದೇ ಪ್ರಶ್ನೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಹುಡುಕಿ ಟೈಪ್ ಮಾಡುವಷ್ಟರಲ್ಲಿ, ಈ ಕೆಲಸವನ್ನು ನಾನೇ ಆರಂಭಿಸಿದೆನೇ ಎಂದು ಯೋಚಿಸಲು ಅವಕಾಶ ಸಿಗುತ್ತದೆ. ನೀವು ಏನನ್ನೂ ಇನ್‌ಸ್ಟಾಲ್ ಮಾಡದೆ ಇರುವಾಗ ಈ ಪ್ರಶ್ನೆ ಬಂದರೆ, ಪಾಸ್‌ವರ್ಡ್ ಕೊಡದೆ ಮುಚ್ಚಿಬಿಡಿ. ಕಂಪ್ಯೂಟರ್ ಸರಿಪಡಿಸುತ್ತೇವೆಂದು ಅಪರಿಚಿತರು ಫೋನ್ ಮಾಡಿ ಪಾಸ್‌ವರ್ಡ್ ಕೇಳಿದರೂ ಕೊಡಬೇಡಿ.

ಬದಲಾಯಿಸುವಾಗ ಕ್ರಮ ತಪ್ಪಬಾರದು. ಮೊದಲು ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಭಾಗಕ್ಕೆ ಹೋಗಿ, ಬೇರೆ ಬಳಕೆದಾರರನ್ನು ಸೇರಿಸುವ ಕಡೆ ಹೊಸ ಖಾತೆಯೊಂದನ್ನು ತೆರೆಯಿರಿ. ಅದು ಸ್ಟ್ಯಾಂಡರ್ಡ್ ಆಗಿಯೇ ಹುಟ್ಟುತ್ತದೆ. ಅದರ ಬಗೆಯನ್ನು ಅಡ್ಮಿನಿಸ್ಟ್ರೇಟರ್ ಎಂದು ಬದಲಿಸಿ, ಗಟ್ಟಿಯಾದ ಪಾಸ್‌ವರ್ಡ್ ಕೊಡಿ. ಬಳಿಕ ನಿಮ್ಮ ಖಾತೆಯಿಂದ ಹೊರಬಂದು ಹೊಸದರಲ್ಲಿ ಲಾಗಿನ್ ಆಗಿ, ಅದು ಸರಿಯಾಗಿ ತೆರೆಯುತ್ತದೆಂದು ಖಚಿತಪಡಿಸಿಕೊಂಡ ಮೇಲೆಯೇ ನಿಮ್ಮ ಹಳೆಯ ಖಾತೆಯನ್ನು ಸ್ಟ್ಯಾಂಡರ್ಡ್ ಮಾಡಿ. ನಿಮ್ಮ ಕಡತಗಳೂ ಫೋಟೊಗಳೂ ಇದ್ದಲ್ಲಿಯೇ ಇರುತ್ತವೆ. ಅಮ್ಮನಿಗೂ ತಮ್ಮನಿಗೂ ಒಂದೊಂದು ಸ್ಟ್ಯಾಂಡರ್ಡ್ ಖಾತೆ ತೆರೆದುಕೊಡಿ. ಹೊಸ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಯಾರೂ ಇಂಟರ್ನೆಟ್ ನೋಡುವುದು ಬೇಡ, ಮೇಲ್ ತೆರೆಯುವುದೂ ಬೇಡ. ಅದರ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ, ಏಕೆಂದರೆ ಅದನ್ನು ಮರೆತರೆ ಮತ್ತೆ ಒಳಹೋಗುವುದು ಬಹಳ ಕಷ್ಟ.

ಇಷ್ಟು ಮಾಡಿದರೂ ಎಲ್ಲ ಅಪಾಯಗಳೂ ದೂರವಾಗುವುದಿಲ್ಲ. ಕಡತಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ರ‍್ಯಾನ್ಸಮ್‌ವೇರಿಗೆ ನಿಮ್ಮ ಫೋಟೊಗಳನ್ನು ಹಾಳುಗೆಡವಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕಿಲ್ಲ, ನಿಮ್ಮ ಖಾತೆಯ ಅಧಿಕಾರವೇ ಸಾಕು. ಆದುದರಿಂದ ಫೋಟೊಗಳ ಇನ್ನೊಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿರಲಿ, ಪ್ರತಿ ಮಾಡಿಕೊಂಡ ಮೇಲೆ ಅದನ್ನು ಕಳಚಿಡಿ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ವಿಂಡೋಸಿನ ದೋಷವೊಂದರ ಮೂಲಕ ಯಂತ್ರದಿಂದ ಯಂತ್ರಕ್ಕೆ ಹಬ್ಬಿತ್ತು; ಆ ದೋಷಕ್ಕೆ ಅಪ್‌ಡೇಟ್ ಮಾರ್ಚ್‌ನಲ್ಲಿಯೇ ಬಂದಿದ್ದರೂ ಹಲವರು ಹಾಕಿಕೊಂಡಿರಲಿಲ್ಲ. ಅಪ್‌ಡೇಟುಗಳನ್ನು ಮುಂದೂಡಬೇಡಿ.

ತಮ್ಮನಿಗೆ ಇದರಿಂದ ಸ್ವಲ್ಪ ಕಿರಿಕಿರಿಯಾಗಬಹುದು. ಕೆಲವು ಪ್ರೋಗ್ರಾಮುಗಳು ಅವನ ಫೋಲ್ಡರಿನೊಳಗೇ ಇನ್‌ಸ್ಟಾಲ್ ಆದರೂ ಉಳಿದವುಗಳಿಗೆ ನಿಮ್ಮನ್ನು ಕೇಳಬೇಕಾಗುತ್ತದೆ. ತನಗೆ ಬೇಕಾದವುಗಳ ಪಟ್ಟಿಯನ್ನು ನನಗೆ ಬರೆದು ಕಳುಹಿಸಲಿ. ಯಾವುದನ್ನು ಎಲ್ಲಿಂದ ಪಡೆಯಬೇಕೆಂದು ತಿಳಿಸುತ್ತೇನೆ, ಖಾತೆಗಳನ್ನು ಬದಲಿಸುವ ದಿನವೇ ಅವುಗಳನ್ನೂ ಹಾಕಿಬಿಡಬಹುದು.

ಅಮ್ಮನಿಗೆ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು.

ಇತಿ ನಿಮ್ಮ ಪ್ರೀತಿಯ ಮಗ