ಹೊರದೇಶಕ್ಕೆ ಮಿಷನ್ ಸೇವೆಗೆ ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಆಫ್ರಿಕಾದ ಮಿಷನ್ ಆಸ್ಪತ್ರೆಗಳಲ್ಲಿ ಸೇವೆ ಮಾಡಬೇಕು ಅಂತ ಮಂಜೇಶ್ವರ, ಕುಂಬಳೆ ಕಡೆಯ ನಮ್ಮ ನರ್ಸ್‌ಗಳು ಕೆಲವರು ಕೇಳಿದ್ದೀರಿ. ತುಂಬಾ ಸಂತೋಷ ಆಯ್ತು. ಗಲ್ಫ್ ಕೆಲಸದ ಹಾಗೆ ಇದರಲ್ಲಿ ಸಂಬಳ ಇರುವುದಿಲ್ಲ, ಮನೆಯವರ ಹತ್ತಿರ ಮೊದಲೇ ಮಾತಾಡಿ. ಮರ್ಸಿ ಶಿಪ್ಸ್ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಆಸ್ಪತ್ರೆ ಹಡಗುಗಳಲ್ಲೂ ಹೆಚ್ಚಿನವರು ತಮ್ಮ ಖರ್ಚು ತಾವೇ ಹೊಂದಿಸಿಕೊಂಡು ಹೋಗುತ್ತಾರೆ.

ಸೊಳ್ಳೆಯಿಂದ ಹರಡುವ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ ಹೊರಡುವ 10 ದಿನ ಮೊದಲಾದರೂ ಆಗಿರಬೇಕು, ಅದೂ ಸರ್ಕಾರ ಒಪ್ಪಿದ ಕೇಂದ್ರದಲ್ಲೇ. ಒಂದೇ ಡೋಸ್ ಜೀವನಪೂರ್ತಿಗೆ ಸಾಕು, 2016ರಿಂದ ನಿಯಮ ಹಾಗೆ. ಲಸಿಕೆ ಹಾಕಿದ್ದಕ್ಕೆ ದಾಖಲೆಯಾಗಿ ಅಲ್ಲಿ ಕೊಡುವ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ, ದೊಡ್ಡ ಬ್ಯಾಗಿಗೆ ಹಾಕಿ ಕಳಿಸಬೇಡಿ, ಯಾಕೆಂದರೆ ಆ ರೋಗ ಇರುವ ದೇಶದಿಂದ ಅದಿಲ್ಲದೆ ವಾಪಸ್ ಬಂದರೆ ಇಲ್ಲಿ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಮಲೇರಿಯಾ ಮಾತ್ರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಇನ್ನೊಂದು ಮಾತು. ಎರಡು ವಾರ ಹೋಗಿ ನಾವೇ ಎಲ್ಲಾ ಮಾಡಿ ಬರುವುದಕ್ಕಿಂತ ಅಲ್ಲಿನ ನರ್ಸ್‌ಗೆ ಒಂದು ಕೆಲಸ ಸರಿಯಾಗಿ ಕಲಿಸಿ ಬಂದರೆ ಜಾಸ್ತಿ ಪ್ರಯೋಜನ, ಅಲ್ವಾ? ರೋಗಿ ಯಾವ ಧರ್ಮದವರು ಅಂತ ನೋಡುವ ಪ್ರಶ್ನೆಯೇ ಇಲ್ಲ.

ಆಸಕ್ತಿ ಇರುವವರು ನರ್ಸಿಂಗ್ ರಿಜಿಸ್ಟ್ರೇಷನ್ ಕಾಪಿ ಹಿಡಿದುಕೊಂಡು ಭಾನುವಾರ ಆರಾಧನೆ ಮುಗಿದ ಮೇಲೆ ಸಿಗಿ.